ಪಾಯಿಂಟ್ 25ರ ಆಯಸ್ಸು

ಹಳೇ ಗಾಡಿಯ ವಯಸ್ಸನ್ನು ರಾಣೆಬೆನ್ನೂರಿನ ಗ್ಯಾರೇಜಿನವರು ಮೀಟರ್ ನೋಡಿ ಹೇಳುವುದಿಲ್ಲ. ಮುಂದಿನ ಗಾಲಿಯಿಂದ ಮೀಟರಿಗೆ ಹೋಗುವ ಕೇಬಲ್ ಎಂದೋ ಹರಿದಿರುತ್ತದೆ. ಹರಿಯದಿದ್ದರೆ 99,999 ದಾಟಿ ಮತ್ತೆ ಸೊನ್ನೆಯಿಂದ ಎಣಿಸತೊಡಗಿರುತ್ತದೆ. ಅವರ ಕಣ್ಣು ಮೊದಲು ಹೋಗುವುದು ನಂಬರ್ ಪ್ಲೇಟಿನ ಕಡೆಗೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಕೆಎ-27 ಬಂದದ್ದು ಆಮೇಲೆ. ಈ ಊರಿನಲ್ಲೇ ಕೊಂಡ ಗಾಡಿಗೆ ಧಾರವಾಡದ ಕೆಎ-25 ಇದ್ದರೆ ಅದು ಅಖಂಡ ಧಾರವಾಡ ಜಿಲ್ಲೆಯ ಕಾಲದ್ದು. ಅಂಥ ಹೀರೋ ಹೋಂಡಾಗಳು ಸೋಮವಾರ, ಗುರುವಾರಗಳಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಗೇಟಿನ ಹತ್ತಿರ ಈಗಲೂ ಕಣ್ಣಿಗೆ ಬೀಳುತ್ತವೆ. ಸೀಟು ಹರಿದಿದೆ, ಸೈಲೆನ್ಸರಿಗೆ ತಗಡಿನ ತೇಪೆ ಬಿದ್ದಿದೆ, ಎಂಜಿನ್ ಮಾತ್ರ ಒಂದೇ ಕಿಕ್ಕಿಗೆ ಚಾಲೂ.

ಇಷ್ಟು ಓಡಿದ ಎಂಜಿನ್ ಹೇಗೆ ತಾಳುತ್ತದೆ ಎಂದು ಕೇಳಿದರೆ ಶೋರೂಮಿನವರು ಕಂಪನಿಯ ಹೆಸರು ಹೇಳುತ್ತಾರೆ. ನನಗೆ ನಂಬಿಕೆ ಬಂದದ್ದು ರಾಣೆಬೆನ್ನೂರಿನ ಒಂದು ಲೇಥ್ ಅಂಗಡಿಯ ಕಾಕಾನ ಬಲಗೈ ತೋರುಬೆರಳಿನ ಮೇಲೆ.

ಕಾಕಾನಿಗೆ ಎಪ್ಪತ್ತರ ಹತ್ತಿರ. ಮೆಕ್ಯಾನಿಕ್ ಹುಡುಗರು ಬಿಚ್ಚಿ ತಂದ ಬ್ಲಾಕನ್ನು ಅವರು ಮೊದಲು ಬೆಳಕಿಗೆ ಹಿಡಿಯುವುದಿಲ್ಲ. ಕಾಟನ್ ವೇಸ್ಟಿನಿಂದ ಒರೆಸಿ, ಬೆರಳನ್ನು ಒಳಗೆ ಬಿಟ್ಟು, ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ. ಬಾಯಿಯ ಹತ್ತಿರ ಉಗುರು ತಡೆಯುತ್ತದೆ. ‘ಇಲ್ಲಿ ನೋಡ್ರಿ, ಇಲ್ಲಿ ತನಕ ಬಂದು ರಿಂಗು ನಿಂತು ಹೊಳ್ಳತೈತಿ. ನಿಂತಲ್ಲೇ ಸವೀತೈತಿ’ ಎಂದು ನನ್ನ ಬೆರಳನ್ನೂ ಒಳಗೆ ಹಾಕಿಸಿದರು. ಕೂದಲೆಳೆಗಿಂತ ಸಣ್ಣದೊಂದು ಮೆಟ್ಟಿಲು ಸಿಕ್ಕಿತು. ಪಿಸ್ಟನ್ ಓಡುತ್ತಿರುವಷ್ಟು ಹೊತ್ತು ರಿಂಗಿಗೂ ಗೋಡೆಗೂ ನಡುವೆ ಆಯಿಲಿನ ಪೊರೆ ಇರುತ್ತದೆ. ತುದಿ ಮುಟ್ಟಿ ಅರೆಗಳಿಗೆ ನಿಂತಾಗ ಆ ಪೊರೆ ತೆಳುವಾಗುತ್ತದೆ, ಮೇಲಿನಿಂದ ಬೆಂಕಿಯ ಒತ್ತಡವೂ ಬೀಳುತ್ತದೆ. ಲೋಹಕ್ಕೆ ಲೋಹ ಉಜ್ಜುವುದು ಅಲ್ಲಿಯೇ.

ಹೀರೋ ಹೋಂಡಾ ಸ್ಪ್ಲೆಂಡರಿನ ಎಂಜಿನ್ 97.2 ಸಿ.ಸಿ.; ಬೋರು 50 ಮಿ.ಮೀ., ಸ್ಟ್ರೋಕು 49.5 ಮಿ.ಮೀ. ಟಾಪ್ ಗೇರಿನಲ್ಲಿ ಕಿಲೋಮೀಟರಿಗೆ ಕ್ರ್ಯಾಂಕು ಸುಮಾರು 6,000 ಸುತ್ತು ತಿರುಗುತ್ತದೆ ಎಂದು ಹಿಡಿಯಿರಿ. ಸುತ್ತಿಗೊಮ್ಮೆ ಪಿಸ್ಟನ್ ಮೇಲೆ ಹೋಗಿ ಕೆಳಗೆ ಬರುತ್ತದೆ, ಅಂದರೆ 99 ಮಿ.ಮೀ. ಗಾಡಿ ಲಕ್ಷ ಕಿ.ಮೀ. ಓಡುವಷ್ಟರಲ್ಲಿ ಪಿಸ್ಟನ್ ಆ ಗೇಣುದ್ದವೂ ಇಲ್ಲದ ಕೊಳವೆಯೊಳಗೇ ಹೆಚ್ಚುಕಡಿಮೆ 60,000 ಕಿ.ಮೀ. ಓಡಾಡಿರುತ್ತದೆ. ಭೂಮಿಗೆ ಒಂದೂವರೆ ಸುತ್ತು. ಈ ಲೆಕ್ಕ ಹೇಳಿದಾಗ ಕಾಕಾ ನಕ್ಕರು: ‘ಅದಕ್ಕ ಮತ್ತ, ನನ್ನ ಕಡೆ ಬರೋದು.’

ಬಂದ ಮೇಲೆ ಆಗುವುದು ಬೋರಿಂಗ್. ಅಲ್ಯುಮಿನಿಯಂ ಬ್ಲಾಕಿನೊಳಗೆ ಬೀಡಿನ ಸ್ಲೀವು ಇರುತ್ತದೆ. ಅದನ್ನು ಕಾಲು ಮಿಲಿಮೀಟರ್ ದೊಡ್ಡದು ಮಾಡಿ, ಅಷ್ಟೇ ದೊಡ್ಡ ಪಿಸ್ಟನ್ ಕೂರಿಸಬೇಕು. ಪಾಯಿಂಟ್ 25 ಅಂದರೆ ಫಸ್ಟ್ ಬೋರ್. ಪಾಯಿಂಟ್ 50, 75, ಕೊನೆಗೆ ಒಂದು ಮಿ.ಮೀ. ಕಂಪನಿ ಕೊಟ್ಟದ್ದು ಒಂದು ಜನ್ಮ, ಲೇಥಿನವನು ಕೊಡುವುದು ನಾಲ್ಕು. ಗಿರಾಕಿಗೆ ಕಾಕಾ ಹಾಕುವ ಷರತ್ತು ಒಂದೇ, ಮೊದಲು ಪಿಸ್ಟನ್ ತರಬೇಕು. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಅವರು ನಂಬುವುದಿಲ್ಲ. ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ ಸಂದು ಬಿಟ್ಟು ಬ್ಲಾಕು ಕೊರೆಯುತ್ತಾರೆ. ಸಂದು ಕಡಿಮೆಯಾದರೆ ಬಿಸಿಗೆ ಪಿಸ್ಟನ್ ಉಬ್ಬಿ ಎಂಜಿನ್ ಸೀಜ್. ಜಾಸ್ತಿಯಾದರೆ ಚಾಲೂ ಮಾಡಿದಾಗಲೇ ಕಟಕಟ. ಕೊನೆಗೆ ಹೋನಿಂಗ್ ಕಲ್ಲು ತಿರುಗಿಸಿ ಗೋಡೆಯ ಮೇಲೆ ಅಡ್ಡಡ್ಡ ಗೀರು ಎಳೆಯುತ್ತಾರೆ. ಗೋಡೆ ಕನ್ನಡಿಯಂತೆ ಹೊಳೆಯಬಾರದಂತೆ, ಆ ಗೀರುಗಳಲ್ಲೇ ಆಯಿಲ್ ನಿಲ್ಲಬೇಕು.

ಕ್ರ್ಯಾಂಕಿನ ರಾಡ್ ಕಿಟ್ಟು, ಟೈಮಿಂಗ್ ಚೈನು, ಹೆಡ್ಡಿನ ಕೆಲಸ ಬೇರೆಯವರದ್ದು. ಕಾಕಾ ಅದರ ಗೊಡವೆಗೆ ಹೋಗುವುದಿಲ್ಲ, ನಾನೂ ಹೋಗಲಿಲ್ಲ. ಆದರೆ ಎಂಜಿನ್ ಇಳಿಸುವ ಮೊದಲು ಹೊಗೆ ನೋಡಿ ಎನ್ನುತ್ತಾರೆ. ಬೆಳಿಗ್ಗೆ ಚಾಲೂ ಮಾಡಿದಾಗಷ್ಟೇ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು ಹೋಗಿದೆ, ಅಗ್ಗದಲ್ಲಿ ಮುಗಿಯುತ್ತದೆ. ಎಕ್ಸಲೇಟರ್ ಕೊಟ್ಟಷ್ಟೂ ಬಂದರೆ ಬೋರಿಗೆ ಬಂದಿದೆ.

ಅಂಗಡಿಯ ಚರಿತ್ರೆಗೆ ಕಾಕಾನ ಬಾಯಿಮಾತೇ ಆಧಾರ. ತುಂಗಭದ್ರೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ಯಂತ್ರಗಳಿಗೆ ಹೆಸರಾಗಿತ್ತು. ಅಲ್ಲಿಯ ಯಂತ್ರಗಳು ಸುತ್ತಲ ಊರುಗಳಿಗೆ ಬಂದವು, ಅಲ್ಲಿ ಕೈ ಪಳಗಿದವರೂ ಬಂದರು. ಮೊದಮೊದಲು ಬೋರಿಂಗಿಗೆ ಬರುತ್ತಿದ್ದದ್ದು ಹೊಲದ ಡೀಸೆಲ್ ಪಂಪ್‌ಸೆಟ್ ಎಂಜಿನ್ನು. ಆಮೇಲೆ ಮೈಸೂರಿನ ಐಡಿಯಲ್ ಜಾವಾದ ಗಾಡಿಗಳು, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥವು. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದಾಗ ‘ಆಯಿಲ್ ಹಾಕದ ಪೆಟ್ರೋಲಿನಾಗ ಎಷ್ಟು ದಿನ ಓಡೀತು’ ಎಂದು ಜನ ಅನುಮಾನಪಟ್ಟರಂತೆ. 1994ರಲ್ಲಿ ಸ್ಪ್ಲೆಂಡರ್ ಬಂತು, ಅನುಮಾನ ತೀರಿತು. ಈ ಎಂಜಿನ್ನಿನ ಮೂಲ 1958ರ ಹೋಂಡಾ ಸೂಪರ್ ಕಬ್ ಮನೆತನದ್ದು. 2017ರ ಹೊತ್ತಿಗೆ ಹತ್ತು ಕೋಟಿ ತಯಾರಾದ ಗಾಡಿ ಅದು. ಅದನ್ನು ಕಾಕಾ ಕಂಡವರಲ್ಲ. ಅದರ ಮೊಮ್ಮಕ್ಕಳ ಹೊಟ್ಟೆಯೊಳಗಿನದೆಲ್ಲ ಗೊತ್ತು.

ಗಾಡಿ ಬೋರಿಗೆ ಬೇಗ ಬರಲು ಕಾರಣ ಎರಡು, ಆಯಿಲು ಮತ್ತು ಧೂಳು. ಸ್ಪ್ಲೆಂಡರಿಗೆ ಹಿಡಿಯುವುದು 900 ಮಿ.ಲೀ. ಆಯಿಲ್ ಅಷ್ಟೇ. ಬದಲಿಸಿ ಬಿಸಾಡುವ ಆಯಿಲ್ ಫಿಲ್ಟರ್ ಅದಕ್ಕಿಲ್ಲ. ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಬಟ್ಟಲೊಂದು ಕೊಳೆಯನ್ನು ಅಂಚಿಗೆ ಎಸೆದು ಹಿಡಿದಿಟ್ಟುಕೊಳ್ಳುತ್ತದೆ. ಕ್ಲಚ್ ಕವರ್ ಬಿಚ್ಚಿ ಅದನ್ನು ತೊಳೆಯುವ ತಾಳ್ಮೆ ಎಷ್ಟು ಮಂದಿಗಿದೆ? ಒಂದು ಬಟ್ಟಲು ನೋಡಿದೆ, ಒಳಗಿನ ಕೊಳೆ ಕಪ್ಪು ಮೇಣದಂತೆ ಗಟ್ಟಿಯಾಗಿತ್ತು, ಸ್ಕ್ರೂಡ್ರೈವರಿನಿಂದ ಕೆರೆಯಬೇಕಾಯಿತು.

ಧೂಳಿನ ವಿಷಯ ಬ್ಯಾಡಗಿಯ ಗ್ಯಾರೇಜಿನಲ್ಲಿ ತಿಳಿಯಿತು. ಮಾರುಕಟ್ಟೆಗೆ ದಿನಾ ಹೋಗಿಬರುವ ಗಾಡಿಯ ಏರ್ ಫಿಲ್ಟರ್ ಬಿಚ್ಚುವಾಗ ಹುಡುಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಸ್ಪಂಜಿನ ತುಂಬ ಕೆಂಪು ಪುಡಿ. ನಾನು ಸೀನಿದೆ. ಬ್ಯಾಡಗಿಯ ಕಡ್ಡಿಗೂ ಡಬ್ಬಿಗೂ ಬಣ್ಣ ಹೆಚ್ಚು, ಖಾರ ಕಡಿಮೆ; 2011ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದ್ದು ಆ ತಳಿಗೇ. ‘ಇಷ್ಟು ಘಾಟು ನಮ್ಮ ಕಾಯಿದಲ್ರಿ ಸರ, ಇದು ಆಂಧ್ರದ್ದು’ ಎಂದ ಹುಡುಗ, ಊರಿನ ಮರ್ಯಾದೆ ಬಿಟ್ಟುಕೊಡದೆ. ಯಾವ ಕಾಯಿಯ ಧೂಳಾದರೂ ಫಿಲ್ಟರ್ ದಾಟಿ ಒಳಗೆ ಹೋದರೆ ರಿಂಗಿಗೆ ಸಾಣೆ ಹಿಡಿದಂತೆಯೇ.

ಈಗ ಬೋರಿಂಗ್ ಕೆಲಸ ಕಡಿಮೆಯಾಗಿದೆ. ಬ್ಲಾಕು, ಪಿಸ್ಟನ್, ರಿಂಗು ಎಲ್ಲ ಒಂದೇ ಡಬ್ಬಿಯಲ್ಲಿ ಸಿದ್ಧ ಸಿಗುತ್ತವೆ, ಮಧ್ಯಾಹ್ನಕ್ಕೆ ಗಾಡಿ ರೆಡಿ. ಕಾಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ, ತಪ್ಪೆನ್ನಲಾಗದು. ಹದಿನೈದು ವರ್ಷ ದಾಟಿದ ಬೈಕಿನ ಆರ್.ಸಿ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 300 ರೂಪಾಯಿಯಿದ್ದದ್ದು 1,000 ಆಯಿತು. 2020ರ ಬಿ.ಎಸ್.-6 ಹೊಗೆ ನಿಯಮದ ನಂತರದ ಬಹುತೇಕ ಗಾಡಿಗಳಿಗೆ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಸಿಲಿಂಡರಿನ ಒಳಮೈಗೆ ಲೇಪನ ಕೊಟ್ಟ ಎಂಜಿನ್ನುಗಳಂತೂ ಕೊರೆಯುವುದಕ್ಕೇ ಬರುವುದಿಲ್ಲ. ಹಾಗಂತ ಡಬ್ಬಿಯ ಬ್ಲಾಕು ಕಾಕಾನ ಬ್ಲಾಕಿನಷ್ಟು ಬಾಳುತ್ತದೆ ಎಂದು ಆಣೆ ಮಾಡಿ ಹೇಳಿದ ಮೆಕ್ಯಾನಿಕ್ ನನಗೆ ಹಾವೇರಿಯಲ್ಲೂ ಸಿಗಲಿಲ್ಲ.

ನಾನು ಅಲ್ಲಿದ್ದಾಗ ಕಾಗಿನೆಲೆ ಕಡೆಯ ರೈತರೊಬ್ಬರು ಗೊಬ್ಬರದ ಚೀಲದಲ್ಲಿ ಬ್ಲಾಕು ಸುತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಉಗುರು ಎಳೆದು ನೋಡಿ ಕಾಕಾ ತಲೆಯಾಡಿಸಿದರು. ನಾಲ್ಕನೇ ಬೋರೂ ಸವೆದಿತ್ತು. ಹೊಸ ಸ್ಲೀವು ಹಾಕಿದರೆ ಮತ್ತೆ 50 ಮಿ.ಮೀ.ನಿಂದ ಶುರು ಮಾಡಬಹುದು.

‘ಹಾಕ್ರಿ ಕಾಕಾ, ಅಪ್ಪ ತಗೊಂಡ ಗಾಡಿ ಅದು’ ಎಂದರು ಅವರು.

ಕಾಕಾ ಲೇಥಿನ ಕಡೆ ತಿರುಗಿದರು. ಹರಿಹರದ್ದು. ಚಕ್ಕಿನ ಹತ್ತಿರ, ಹೆಚ್ಚು ಕೆಲಸ ನಡೆಯುವ ಜಾಗದಲ್ಲೇ, ಅದರ ಬೆಡ್ಡು ಸವೆದಿದೆ. ಆ ತಪ್ಪನ್ನು ಕಾಕಾ ಕೈಯಲ್ಲೇ ಸರಿದೂಗಿಸುತ್ತಾರೆ. ಒಂದು ಗೇರಿನ ಹಲ್ಲು ಮುರಿದಿದೆ, ಅದಕ್ಕೆ ಕೈಚಳಕ ಸಾಲದು. ಯಂತ್ರ ಮಾಡಿದ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಮೀರಿತು. ಹುಬ್ಬಳ್ಳಿಯಲ್ಲಿ ಒಬ್ಬರು ಅಚ್ಚು ನೋಡಿ ಗೇರು ಕಡಿದು ಕೊಡುತ್ತೇನೆ ಎಂದಿದ್ದಾರಂತೆ.

‘ಬ್ಲಾಕ್ ಇಟ್ಟು ಹೋಗ್ರಿ’ ಎಂದರು ಕಾಕಾ. ‘ಸ್ಲೀವ್ ಸಿಗತೈತಿ. ಗೇರ್ ಬಂದ್ರ ಹಾಕಿ ಕೊಡತೇನಿ.’