ಮನೆಯಂಗಳದ ಪಾಠ

ಮಗುವಿನ ವಿದ್ಯಾಭ್ಯಾಸವು ಶಾಲೆಯ ಹೊಸ್ತಿಲಿಗಿಂತ ಮೊದಲೇ, ತಾಯಿಯ ಮಾತಿನಿಂದ ಆರಂಭವಾಗುತ್ತದೆ. ಬಡ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ತಾರಾಬಾಯಿ ಮೋಡಕ, ಅನುತಾಯಿ ವಾಘ ಇವರು ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿಯ ಕಲ್ಪನೆ ಹೀಗೆ ಹುಟ್ಟಿತು. 1975ರ ಅಕ್ಟೋಬರ್ 2ರಂದು, ಅಂಗನವಾಡಿ ಕೇಂದ್ರಗಳ ಮೂಲಕ ನಡೆಯುವ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾಯಿತು.

1986-87ರಲ್ಲಿ ಜಮೈಕಾ ದ್ವೀಪದಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ 129 ಶಿಶುಗಳ ಅಧ್ಯಯನವೊಂದು ಆರಂಭವಾಯಿತು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೊಂದು ಗಂಟೆಯಂತೆ ಹೋಗಿ, ಆಟದ ಮೂಲಕ ಕಲಿಸುವ ಬಗೆಯನ್ನು ತಾಯಂದಿರಿಗೆ ತೋರಿದರು. ಇಪ್ಪತ್ತು ವರ್ಷಗಳ ತರುವಾಯ ಆ ಮಕ್ಕಳ ಸಂಪಾದನೆಯು, ಭೇಟಿ ದೊರೆಯದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು.

ಆದುದರಿಂದ ಭೇಟಿಯು ತಪ್ಪದೆ ನಡೆಯಬೇಕು. ಬಂದವರು ಮಗುವನ್ನು ಆಡಿಸಿ ಹೋಗದೆ ತಾಯಿಗೇ ಕಲಿಸಬೇಕು. ಆಟಿಕೆಗಳು ಮನೆಯ ವಸ್ತುಗಳಿಂದಲೇ ಆಗಬೇಕು. ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳಿಗೆ ಇನ್ನೊಂದು ಮಾತುಂಟು. ಹೇಳಿಕೊಡುವುದು ಮರಾಠಿಯಲ್ಲಷ್ಟೇ ನಡೆದರೆ, ಕನ್ನಡವನ್ನಷ್ಟೇ ಬಲ್ಲ ತಾಯಿ ಕೇಳುವವಳಾಗಿಯೇ ಉಳಿಯುವಳು, ಕಲಿಸುವವಳಾಗಲಾರಳು. ಭೇಟಿಯ ನುಡಿ ಮನೆಯ ನುಡಿಯಾಗಿರಲಿ.

ಪಾಲಕರೇ, ಜೋಳ ಹಸನುಮಾಡುವಾಗ ಮಗುವಿನಿಂದ ನಾಲ್ಕು ಕಾಳು ಎಣಿಸಿರಿ. ವಿದ್ಯಾರ್ಥಿಗಳೇ, ತಮ್ಮತಂಗಿಯರಿಗೆ ದಿನಕ್ಕೊಂದು ಕಥೆ ಹೇಳಿರಿ. ಈ ಪಾಠಕ್ಕೆ ಶುಲ್ಕವೂ ಇಲ್ಲ, ರಜೆಯೂ ಇಲ್ಲ.