ಸಲಹೆ ಕೊಟ್ಟವರು ಹೊಣೆಯೇ?

ಪ್ರಶ್ನೆ: ವೈದ್ಯ ಪದವಿಯೇ ಇಲ್ಲದವರ ಮಾತು ಕೇಳಿ ಔಷಧ ತೆಗೆದುಕೊಂಡು ತೊಂದರೆಯಾದರೆ, ಅವರನ್ನು ಕಾನೂನು ಹಿಡಿಯುತ್ತದೆಯೇ? (ಅಂಕೋಲಾದಿಂದ ಓದುಗರು)

ಉತ್ತರ: ಹಿಡಿಯುತ್ತದೆ, ಆದರೆ ಎಲ್ಲರನ್ನೂ ಅಲ್ಲ. ಗಂಗಾವಳಿ ದಂಡೆಯಲ್ಲಿ ನಿಂತವನೊಬ್ಬ ‘ಇಲ್ಲಿ ನೀರು ಕಡಿಮೆ, ದಾಟಿ’ ಎಂದರೆ ಅದು ಬರೀ ಮಾತು. ಹಣ ಪಡೆದು ದೋಣಿಗೆ ಹತ್ತಿಸಿಕೊಂಡವನಿಗೆ ಹುಟ್ಟು ಹಾಕಲು ಬಾರದಿದ್ದರೆ ತಪ್ಪು ಅವನದು. ಕಾನೂನು ನೋಡುವುದೂ ಇದನ್ನೇ. ಪಕ್ಕದ ಮನೆಯವರು ಕಾಳಜಿಯಿಂದ ಹೇಳಿದ ಕಷಾಯಕ್ಕೆ ಸಾಮಾನ್ಯವಾಗಿ ಹೊಣೆಯಿಲ್ಲ. ಬೋರ್ಡು ಹಾಕಿ, ಶುಲ್ಕ ಪಡೆದು ಚಿಕಿತ್ಸೆ ಕೊಟ್ಟವರಿಗೆ ಹೊಣೆಯುಂಟು.

ಹೋಮಿಯೋಪಥಿ ಓದಿದವರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟು, ರೋಗಿ ಮೃತಪಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ (ಪೂನಂ ವರ್ಮಾ ಪ್ರಕರಣ) 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ ಎಂದಿತು. ಬೇರೆ ತಪ್ಪು ಹುಡುಕಬೇಕಾಗಲಿಲ್ಲ.

ಪರಿಹಾರ ಬೇಕೆಂದರೆ 2 ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೋಂದಣಿಯಿಲ್ಲದೆ ಅಲೋಪಥಿ ವೈದ್ಯವೃತ್ತಿ ಮಾಡಿದವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ 1 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಚೀಟಿ, ರಸೀದಿ, ಔಷಧದ ಪೊಟ್ಟಣ ಎಸೆಯಬೇಡಿ. ಸಾಕ್ಷಿಗೆ ಅವೇ ಬೇಕು.