ಆಮೆಯಾದ ಚಿತ್ರಭಂಡಾರ

1933ರಲ್ಲಿ ಕೋಡಿ ಹರಿದಿದ್ದ ಹಿರಿಯೂರಿನ ವಾಣೀವಿಲಾಸ ಸಾಗರವು ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷಗಳ ತರುವಾಯ! ನೋಡನೆರೆದವರಲ್ಲಿ ಮೊಬೈಲನ್ನು ಎತ್ತಿ ಹಿಡಿಯದವರು ವಿರಳ. ದುರ್ಗದ ಏಳುಸುತ್ತಿನ ಕೋಟೆ, ಹೊಳಲ್ಕೆರೆಯ ಬಯಲು ಗಣಪತಿ, ಹೊಸದುರ್ಗದತ್ತ ಚಾಚಿದ ಹಿನ್ನೀರು, ಎಲ್ಲವೂ ಮನೆಯ ಕಂಪ್ಯೂಟರನ್ನು ಸೇರುತ್ತವೆ. ಸಂಖ್ಯೆ ಲಕ್ಷದ ಸಮೀಪಕ್ಕೆ ಬಂದಾಗ ಯಂತ್ರವು ಆಮೆಯಾಗುತ್ತದೆ. ಬೇಸತ್ತ ಯಜಮಾನರು ಸಿಕ್ಕಿದ್ದನ್ನು ಅಳಿಸತೊಡಗುತ್ತಾರೆ. ಅಳಿದದ್ದು ಆ ಕೋಡಿಯ ಚಿತ್ರವೇ ಆದರೆ?

ದೋಷವು ಚಿತ್ರಗಳ ಸಂಖ್ಯೆಯದಲ್ಲ, ಅವನ್ನಿರಿಸಿದ ವ್ಯವಸ್ಥೆಯದು. 4000 ಅಗಲ, 3000 ಎತ್ತರದ ಚಿತ್ರವೊಂದರಲ್ಲಿ 1.2 ಕೋಟಿ ಬಿಂದುಗಳು; ಬಿಂದುವಿಗೆ 3 ಬೈಟಿನಂತೆ ಬಿಚ್ಚಿದರೆ 3.6 ಕೋಟಿ ಬೈಟು. ನೂರು ಚಿತ್ರಗಳ ಒಂದು ಪುಟವನ್ನು ತೋರಿಸಲು ಪ್ರತಿಸಲವೂ ಅಷ್ಟನ್ನೂ ಬಿಚ್ಚಬೇಕೆ? 256ಕ್ಕೆ 192 ಬಿಂದುಗಳ ಕಿರುಚಿತ್ರಗಳನ್ನು ಒಮ್ಮೆ ಮಾಡಿಟ್ಟುಕೊಂಡರೆ ಹೊರೆಯು ಮೂಲದ 240ರಲ್ಲಿ ಒಂದು ಪಾಲಿಗೂ ಕಡಿಮೆ. ಡಿಜಿಕ್ಯಾಮ್‌ನಂತಹ ತಂತ್ರಾಂಶಗಳು ಮಾಡುವುದು ಇದನ್ನೇ.

ಆ ಕಿರುಚಿತ್ರಗಳೂ ಚಿತ್ರಗಳ ಸೂಚಿಯೂ ಎಲ್ಲಿ ನೆಲಸಿವೆ ಎಂಬುದು ಮುಖ್ಯ. ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಓದುವ ಮುಳ್ಳು ಅತ್ತಿತ್ತ ಓಡಬೇಕು. ಓಟವೊಂದಕ್ಕೆ ಕೆಲವು ಮಿಲಿಸೆಕೆಂಡು. ಸಾವಿರ ಓಟವಾದರೆ ಕಾಫಿಯೇ ಆರೀತು. ಎಸ್‌ಎಸ್‌ಡಿಯಲ್ಲಿ ಮುಳ್ಳೇ ಇಲ್ಲ. ಆದುದರಿಂದ ಸೂಚಿಯು ಎಸ್‌ಎಸ್‌ಡಿಯಲ್ಲಿರಲಿ. ಮೂಲಚಿತ್ರಗಳು ಅಗ್ಗದ ದೊಡ್ಡ ಡಿಸ್ಕಿನಲ್ಲಿಯೇ ಉಳಿಯಲಿ. ಸಂಗ್ರಹ ಲಕ್ಷ ಮೀರಿದವರು ಎಸ್‌ಕ್ಯೂಲೈಟ್ ಸೂಚಿಗೆ ಬದಲು ಮರಿಯಾಡಿಬಿಯನ್ನು ಆಶ್ರಯಿಸುವುದು ಲೇಸು.

ಅಳಿಸಲೇಬೇಕೆನ್ನುವವರು ಮೊದಲು ಬೇರೊಂದು ಡಿಸ್ಕಿನಲ್ಲಿ ಪ್ರತಿ ತೆಗೆದಿರಿಸಬೇಕು. ವಾಟ್ಸ್ಯಾಪಿನ ‘ಶುಭೋದಯ’ದ ಗುಲಾಬಿಗಳಿಗೆ ಮಾತ್ರ ಈ ನಿಯಮವು ಅನ್ವಯಿಸುವುದಿಲ್ಲ.